ಎದೆಯೊಳಗಿನ ಹೊಳೆಯ ಓಟ

ಊರಿನಿಂದ ಬಂದ ತಂದೆತಾಯಿಗಳನ್ನು ನಗರದ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಿಸಿ ಕಳಿಸುವುದು ಹೊರನಾಡಿನ ನಮ್ಮ ಸಂಸಾರಗಳಲ್ಲಿ ಒಂದು ವ್ರತದಂತೆ ನಡೆದುಬಂದಿದೆ. ಬಂದ ಹಿರಿಯರು "ನನಗೇನು ಧಾಡಿ, ಗಟ್ಟಿಯಾಗಿಯೇ ಇದ್ದೇನೆ" ಎನ್ನುತ್ತಲೇ ಇರುತ್ತಾರೆ. ಮಗ ಸೊಸೆ ಕೇಳುವುದಿಲ್ಲ. ಎದೆಗೆ ತಣ್ಣನೆಯ ಲೋಳೆ ಹಚ್ಚಿಸಿ, ಎಕೋ ಪರೀಕ್ಷೆ ಮಾಡಿಸಿ, ಲಕೋಟೆ ಹಿಡಿದು ಮನೆಗೆ ಮರಳುತ್ತಾರೆ. ನಿಜವಾದ ಫಜೀತಿ ಆಮೇಲೆ. ಡಾಕ್ಟರ ಭೇಟಿ ನಾಳೆಯೋ ನಾಡಿದ್ದೋ. ಲಕೋಟೆ ಮಾತ್ರ ಇವತ್ತೇ ಕೈಗೆ ಬಂದಿದೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ ಅದನ್ನು ಬಿಡಿಸಿ ಗಟ್ಟಿಯಾಗಿ ಓದುತ್ತಾನೆ: "ಅಜ್ಜೀ, ಗ್ರೇಡ್ ಒನ್ ಡಿಸ್‌ಫಂಕ್ಷನ್ ಅಂತೆ. ಅಂದರೆ ಕೆಟ್ಟುಹೋಗಿದೆ ಅಂತ. ಒಂದು ವಾಲ್ವು ಲೀಕೂ ಆಗ್ತಿದೆಯಂತೆ." ಅಜ್ಜಿ ಆ ರಾತ್ರಿ ಊಟ ಬಿಟ್ಟು ಮನೆದೇವರಿಗೆ ಮುಡಿಪು ಕಟ್ಟಿಡುತ್ತಾರೆ.

ಇನ್ನೊಂದು ಮನೆಯಲ್ಲಿ ಇದು ತಿರುಗುಮುರುಗು. ಅಜ್ಜನಿಗೆ ಎರಡನೆಯ ಮಹಡಿ ಹತ್ತುವುದರೊಳಗೆ ಏದುಸಿರು. ರಿಪೋರ್ಟಿನಲ್ಲಿ ಒಂದು ಕವಾಟದ ಮುಂದೆ "ಸಿವಿಯರ್" ಎಂದು ಬರೆದಿದೆ. ಆದರೆ ಎದೆನೋವಿಲ್ಲ, ಜ್ವರವಿಲ್ಲ. ಊಟ ನಿದ್ರೆ ಸರಿಯಾಗಿದೆ. "ವಯಸ್ಸಾಯಿತು, ಏದುಸಿರು ಬಾರದೆ ಇನ್ನೇನು?" ಎಂದು ಲಕೋಟೆಯನ್ನು ಬೀರುವಿನಲ್ಲಿಟ್ಟು ಅಜ್ಜ ಊರಿಗೆ ರೈಲು ಹತ್ತುತ್ತಾರೆ.

ಮೊದಲನೆಯ ಮನೆಯ ಅಜ್ಜಿ ಬಹುಮಟ್ಟಿಗೆ ಕ್ಷೇಮ. ಎರಡನೆಯ ಮನೆಯ ಅಜ್ಜನಿಗೆ ನಿಜವಾದ ಅಪಾಯ. ಈ ಅದಲುಬದಲು ತಪ್ಪಬೇಕಾದರೆ ಆ ರಿಪೋರ್ಟು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದರ ಸ್ಥೂಲ ಪರಿಚಯ ಮನೆಮಂದಿಗೆ ಇರಬೇಕು. ಎಕೋದಲ್ಲಿ ಬರುವ ಡಾಪ್ಲರ್ ಚಿತ್ರಗಳ ಬಗ್ಗೆ ವಾಚಕರು ಹಲವರು ವಿಚಾರಿಸುತ್ತಲೇ ಇದ್ದಾರೆ. ಈ ಸಲದ ಅಂಕಣ ಅದಕ್ಕೇ ಮೀಸಲು. ಇದನ್ನೋದಿ ಯಾರೂ ಡಾಕ್ಟರಾಗಬೇಕಿಲ್ಲ. ಡಾಕ್ಟರನ್ನು ಸರಿಯಾದ ಪ್ರಶ್ನೆ ಕೇಳುವಷ್ಟಾದರೆ ಸಾಕು.

ರೈಲಿನ ಸಿಳ್ಳು ಮತ್ತು ರಕ್ತದ ಕಣ

ಸ್ಟೇಷನ್ನಿನಲ್ಲಿ ನಿಂತಿದ್ದಾಗ ನಿಲ್ಲದೆ ಹೋಗುವ ರೈಲು ಸಿಳ್ಳು ಹಾಕುತ್ತ ಬರುವುದನ್ನು ಕೇಳಿದ್ದೀರಲ್ಲವೆ? ನಮ್ಮ ಕಡೆ ಬರುವಾಗ ಸಿಳ್ಳಿನ ಸ್ವರ ಏರಿರುತ್ತದೆ. ನಮ್ಮನ್ನು ದಾಟಿ ದೂರವಾಗುವಾಗ ಥಟ್ಟನೆ ಇಳಿಯುತ್ತದೆ. ಸಿಳ್ಳು ಒಂದೇ, ಅದರ ಓಟದಿಂದ ನಮ್ಮ ಕಿವಿಗೆ ಬೀಳುವ ಸ್ವರ ಬದಲಾಗುತ್ತದೆ. ಈ ತತ್ತ್ವವನ್ನು ೧೮೪೨ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯೊಂದರ ಮುಂದಿಟ್ಟವರು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. ಅವರ ಮನಸ್ಸಿನಲ್ಲಿದ್ದದ್ದು ರೈಲೂ ಅಲ್ಲ, ರಕ್ತವೂ ಅಲ್ಲ. ಆಕಾಶದ ಜೋಡಿ ನಕ್ಷತ್ರಗಳ ಬಣ್ಣ. ಮೂರು ವರ್ಷದ ಮೇಲೆ, ೧೮೪೫ರಲ್ಲಿ, ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಲು ಸೊಗಸಾದ ಉಪಾಯ ಹೂಡಿದರು. ಓಡುವ ರೈಲಿನಲ್ಲಿ ಕಹಳೆಯವರನ್ನು ಕೂರಿಸಿ ಒಂದೇ ಸ್ವರ ಊದಿಸಿದರು. ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಉಳ್ಳವರನ್ನು ನಿಲ್ಲಿಸಿ ಕೇಳಿಸಿದರು. ಡಾಪ್ಲರ್ ಹೇಳಿದ್ದು ನಿಜವಾಯಿತು.

ಹೃದಯಕ್ಕೂ ಇದಕ್ಕೂ ಏನು ಸಂಬಂಧ? ೧೯೫೩ರಲ್ಲಿ ಸ್ವೀಡನ್ನಿನ ಲುಂಡ್ ಎಂಬ ಊರಿನಲ್ಲಿ ಎಡ್ಲರ್ ಎಂಬ ಡಾಕ್ಟರು ಹಾಗೂ ಹರ್ಟ್ಸ್ ಎಂಬ ಭೌತವಿಜ್ಞಾನಿ ಸೇರಿ, ಲೋಹದೊಳಗಿನ ಬಿರುಕು ಹುಡುಕುವಂಥ ಯಂತ್ರವನ್ನು ಮನುಷ್ಯನ ಎದೆಗೆ ಹಿಡಿದು, ಬಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಎಕೋ ಎಂದರೆ ಪ್ರತಿಧ್ವನಿಯೇ. ಅದೇ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಸಾತೊಮುರಾ ಎಂಬವರು ಡಾಪ್ಲರನ ತತ್ತ್ವವನ್ನು ಹೃದಯದ ಚಲನೆಗೆ ಅನ್ವಯಿಸಿದರು. ಒಂದು ವಿಧಾನದಿಂದ ಹೃದಯದ ಆಕಾರ ತಿಳಿಯಿತು, ಇನ್ನೊಂದರಿಂದ ಅದರೊಳಗಿನ ಓಟ ತಿಳಿಯಿತು.

ನಮ್ಮ ಕಿವಿಗೆ ಸೆಕೆಂಡಿಗೆ ೨೦ ಸಾವಿರ ಕಂಪನಗಳವರೆಗಿನ ಶಬ್ದ ಮಾತ್ರ ಕೇಳುತ್ತದೆ. ಈ ಯಂತ್ರ ಕಳಿಸುವ ಶಬ್ದ ಸೆಕೆಂಡಿಗೆ ೨೦ ಲಕ್ಷ ಕಂಪನಗಳಿಗೂ ಮಿಕ್ಕದ್ದು. ಅದು ರಕ್ತದ ಕಣಗಳಿಗೆ ತಾಗಿ ಮರಳುತ್ತದೆ. ಕಣಗಳು ಯಂತ್ರದ ಕಡೆ ಬರುತ್ತಿದ್ದರೆ ಸ್ವರ ಏರಿರುತ್ತದೆ, ದೂರ ಹೋಗುತ್ತಿದ್ದರೆ ಇಳಿದಿರುತ್ತದೆ. ಏರಿಳಿತ ಎಷ್ಟೆಂದು ಲೆಕ್ಕ ಹಾಕಿದರೆ ವೇಗ ಸಿಕ್ಕಿತು. ಆ ವ್ಯತ್ಯಾಸವಷ್ಟೇ ಕಿವಿಗೆ ಕೇಳುವ ಮಟ್ಟದ್ದು. ಪರೀಕ್ಷೆಯ ಕೋಣೆಯಲ್ಲಿ ಕೇಳುವ "ಸುಯ್ ಸುಯ್" ಸದ್ದು ಅದೇ. ಇದರಲ್ಲಿ ಎಕ್ಸ್‌ರೇ ಕಿರಣವಿಲ್ಲ. ಬಸುರಿಯರಿಗೂ ಮಕ್ಕಳಿಗೂ ಮಾಡಬಹುದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಡಾಪ್ಲರ್ ನೇರವಾಗಿ ಅಳೆಯುವುದು ಎರಡೇ ಸಂಗತಿಗಳನ್ನು: ರಕ್ತ ಯಾವ ಕಡೆ ಓಡುತ್ತಿದೆ, ಎಷ್ಟು ವೇಗವಾಗಿ ಓಡುತ್ತಿದೆ. ಉಳಿದದ್ದೆಲ್ಲ ಇವೆರಡರಿಂದ ಮಾಡಿದ ಊಹೆ, ಲೆಕ್ಕಾಚಾರ.

ಕೆಂಪು ಶುದ್ಧವಲ್ಲ, ನೀಲಿ ಅಶುದ್ಧವಲ್ಲ

ಪರದೆಯ ಮೇಲೆ ಕೆಂಪು ನೀಲಿ ಬಣ್ಣಗಳು ಉರಿಯುವುದನ್ನು ಕಂಡವರು, ಶಾಲೆಯ ಪುಸ್ತಕದ ಚಿತ್ರ ನೆನೆದು, ಕೆಂಪು ಶುದ್ಧ ರಕ್ತ, ನೀಲಿ ಅಶುದ್ಧ ರಕ್ತ ಎಂದುಕೊಳ್ಳುವುದುಂಟು. "ನಮ್ಮವರ ಹೃದಯದಲ್ಲಿ ನೀಲಿಯೇ ಹೆಚ್ಚು ಕಂಡಿತು" ಎಂದು ಒದ್ದಾಡಿದವರಿದ್ದಾರೆ. ಇಲ್ಲಿ ಬಣ್ಣ ದಿಕ್ಕನ್ನು ಮಾತ್ರ ಹೇಳುತ್ತದೆ. ಸಾಮಾನ್ಯವಾಗಿ ಯಂತ್ರದ ಕಡೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ. ಯಂತ್ರವನ್ನು ಎದೆಯ ಇನ್ನೊಂದು ಕಡೆ ಇಟ್ಟರೆ ಅದೇ ರಕ್ತದ ಬಣ್ಣ ಬದಲಾಗಬಹುದು. ಹಳದಿ ಹಸಿರು ಬೆರೆತು ಚಿತ್ತಾರ ಎದ್ದರೆ ಅಲ್ಲಿ ರಕ್ತ ಹೆಚ್ಚು ವೇಗದಲ್ಲಿ, ಸುಳಿಸುಳಿಯಾಗಿ ಹೋಗುತ್ತಿದೆ ಎಂದರ್ಥ. ಬಿಗಿಯಾದ ಬಾಗಿಲಿನ ಮುಂದೆ, ಸೋರುವ ಬಾಗಿಲಿನ ಹಿಂದೆ ಹೀಗಾಗುತ್ತದೆ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಕಳೆದುಬಿಡೋಣ. ಎಕೋ ಚೆನ್ನಾಗಿದೆ ಎಂದ ಮಾತ್ರಕ್ಕೆ "ಬ್ಲಾಕ್" ಇಲ್ಲವೆಂದು ಹೇಳಲಾಗದು. ಹೃದಯದ ಮಾಂಸಕ್ಕೆ ರಕ್ತ ಕೊಡುವ ಸಣ್ಣ ನಾಳಗಳ ಅಡಚಣೆಯನ್ನು ಈ ಪರೀಕ್ಷೆ ನೇರವಾಗಿ ತೋರಿಸುವುದಿಲ್ಲ. ನಡೆದಾಗ ಎದೆ ಬಿಗಿಯುವವರು ಅದನ್ನು ಬೇರೆಯಾಗಿಯೇ ಹೇಳಬೇಕು.

ಮೇಕೆದಾಟುವಿನ ಲೆಕ್ಕ

ಅರ್ಕಾವತಿ ಬಂದು ಕೂಡುವ ಸಂಗಮದಲ್ಲಿ ಕಾವೇರಿ ಹರವಾಗಿ, ಮಕ್ಕಳು ಕಾಲಾಡುವಷ್ಟು ಸಾವಧಾನವಾಗಿ ಹರಿಯುತ್ತಾಳೆ. ಮುಂದೆ ಮೇಕೆದಾಟುವಿನ ಬಂಡೆಗಳ ಇಕ್ಕಟ್ಟಿನಲ್ಲಿ ಅದೇ ನೀರು ಭೋರ್ಗರೆದು ಧಾವಿಸುತ್ತದೆ. ನೀರು ಅಷ್ಟೇ, ದಾರಿ ಕಿರಿದಾದದ್ದರಿಂದ ವೇಗ ಹೆಚ್ಚಿತು. ಹೃದಯದ ಕವಾಟ ಕಿರಿದಾದರೂ ಹೀಗೆಯೇ.

ಮೈಗೆಲ್ಲ ರಕ್ತ ಹಂಚುವ ಮಹಾಧಮನಿಯ ಬಾಗಿಲಿನಲ್ಲಿ, ಅಂದರೆ ರಿಪೋರ್ಟಿನ "ಅಯೋರ್ಟಿಕ್" ಕವಾಟದಲ್ಲಿ, ಆರೋಗ್ಯವಂತರ ರಕ್ತ ಸೆಕೆಂಡಿಗೆ ಸುಮಾರು ೧ರಿಂದ ೧.೫ ಮೀಟರ್ ವೇಗದಲ್ಲಿ ಹೊರಡುತ್ತದೆ. ಅದು ನಮ್ಮ ನಡಿಗೆಯ ವೇಗ. ವಯಸ್ಸಾದಂತೆ ಕವಾಟಕ್ಕೆ ಸುಣ್ಣ ಕಟ್ಟಿ ಬಿಗಿಯಾದರೆ ವೇಗ ೨, ೩ ಎಂದು ಏರುತ್ತದೆ. ೪ ಮೀಟರು ಮುಟ್ಟಿದರೆ, ಎಂದರೆ ನಡಿಗೆ ಹೋಗಿ ಓಟವಾದರೆ, ಅದನ್ನು "ಸಿವಿಯರ್ ಸ್ಟೆನೋಸಿಸ್", ತೀವ್ರ ಸಂಕೋಚ, ಎನ್ನುತ್ತಾರೆ.

ವೇಗದಿಂದ ಒತ್ತಡವನ್ನೂ ಲೆಕ್ಕ ಹಾಕಬಹುದು. ಹರಿಯುವ ದ್ರವದ ವೇಗಕ್ಕೂ ಒತ್ತಡಕ್ಕೂ ಇರುವ ನಂಟನ್ನು ಡೇನಿಯಲ್ ಬರ್ನೂಲಿ ೧೭೩೮ರಲ್ಲೇ ಬರೆದಿಟ್ಟಿದ್ದರು. ೧೯೭೦ರ ದಶಕದಲ್ಲಿ ನಾರ್ವೆಯ ಡಾಕ್ಟರುಗಳು, ಮುಖ್ಯವಾಗಿ ಲಿವ್ ಹ್ಯಾಟ್ಲೆ ಎಂಬ ಮಹಿಳೆ ಮತ್ತು ಅವರ ಸಂಗಡಿಗರು, ಅದನ್ನು ಡಾಪ್ಲರಿಗೆ ಜೋಡಿಸಿ ಬಳಕೆಗೆ ತಂದರು. ಸೂತ್ರ ಬಾಯಿಲೆಕ್ಕದಷ್ಟು ಸುಲಭ: ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ೪ರಿಂದ ಗುಣಿಸಿ. ೪ ಮೀಟರಾದರೆ ೪ ನಾಲ್ಕಲ ೧೬, ೧೬ ನಾಲ್ಕಲ ೬೪. ಬಾಗಿಲಿನ ಆಚೆ ಈಚೆ ಪಾದರಸದ ೬೪ ಮಿಲಿಮೀಟರಿನಷ್ಟು ಒತ್ತಡದ ಅಂತರ. ಬಿ.ಪಿ. ಅಳೆಯುವ ಮಾನವೇ ಇದು. ಆರೋಗ್ಯವಂತರಲ್ಲಿ ಈ ಅಂತರ ಹತ್ತರ ಆಸುಪಾಸು. ಮೊದಲು ಈ ಸಂಖ್ಯೆ ಬೇಕೆಂದರೆ ರಕ್ತನಾಳದೊಳಗೆ ಕೊಳವೆ ತೂರಿಸಿ ಹೃದಯದವರೆಗೆ ಒಯ್ಯಬೇಕಿತ್ತು. ಈಗ ಎದೆಯ ಮೇಲೆ ಯಂತ್ರ ಹಿಡಿದರೆ ಬಹಳಷ್ಟು ಮಂದಿಗೆ ಸಾಕು.

ಬೀರುವಿನಲ್ಲಿ ಲಕೋಟೆ ಇಟ್ಟ ಅಜ್ಜನ ಸಂಗತಿ ಈಗ ಅರ್ಥವಾಗುತ್ತದೆ. ಈ ಬಾಗಿಲು ತೀವ್ರವಾಗಿ ಬಿಗಿದವರಿಗೆ ಹತ್ತಿದಾಗ ಏದುಸಿರು, ಎದೆನೋವು, ಕಣ್ಣು ಕತ್ತಲೆಗೂಡಿ ಬೀಳುವುದು, ಇವುಗಳಲ್ಲಿ ಒಂದು ಶುರುವಾದರೂ ಕಾಯುವಂತಿಲ್ಲ. ಕವಾಟ ಬದಲಿಸದೆ ಬಿಟ್ಟರೆ ಎರಡು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಳ್ಳುತ್ತಾರೆ. ಔಷಧದಿಂದ ಆ ಸುಣ್ಣ ಕರಗದು. ಎದೆ ತೆರೆದು ಕವಾಟ ಬದಲಿಸುವುದು ಒಂದು ದಾರಿ. ೨೦೦೨ರಲ್ಲಿ ಫ್ರಾನ್ಸಿನಲ್ಲಿ ಮೊದಲಾದ, ರಕ್ತನಾಳದ ಮೂಲಕವೇ ಹೊಸ ಕವಾಟ ಕೂರಿಸುವ ವಿಧಾನ ಇನ್ನೊಂದು. "ವಯಸ್ಸಾಯಿತು" ಎನ್ನುವ ಮಾತು ಇಲ್ಲಿ ಸಮಾಧಾನವಲ್ಲ, ಮೋಸ.

ಸೋರಿಕೆ ಎಂದೊಡನೆ ಹೆದರಬೇಡಿ

"ರಿಗರ್ಜಿಟೇಶನ್" ಎಂದರೆ ಹಿಮ್ಮುಖ ಸೋರಿಕೆ. ಬಾಗಿಲು ಮುಚ್ಚಿದ ಮೇಲೂ ಸಂದಿಯಿಂದ ಸ್ವಲ್ಪ ರಕ್ತ ಹಿಂದಕ್ಕೆ ಜಾರುವುದು. ಯಂತ್ರದ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ಬಲಗಡೆಯ ಟ್ರೈಕಸ್ಪಿಡ್ ಕವಾಟದಲ್ಲಿ ಆರೋಗ್ಯವಂತರಾದ ಹೆಚ್ಚಿನವರಿಗೂ ಒಂದಿಷ್ಟು ಸೋರಿಕೆ ಕಾಣುತ್ತದೆ. ಅದಕ್ಕೆ "ಟ್ರಿವಿಯಲ್" ಎಂದು ಬರೆಯುತ್ತಾರೆ, ಲೆಕ್ಕಕ್ಕಿಲ್ಲದ್ದು ಎಂದರ್ಥ. ಹಳೆಯ ಮನೆಯ ಬಾಗಿಲ ಸಂದಿಯಲ್ಲಿ ಗಾಳಿ ಸುಳಿದರೆ ಮನೆ ಬೀಳುತ್ತದೆಯೇ? "ಮೈಲ್ಡ್" ಅಲ್ಪ, "ಮಾಡರೇಟ್" ಮಧ್ಯಮ, "ಸಿವಿಯರ್" ತೀವ್ರ: ಈ ನಾಲ್ಕು ಮಾತುಗಳನ್ನು ಮನೆಮಂದಿಯೆಲ್ಲ ಕಲಿತಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಈ ಸಣ್ಣ ಸೋರಿಕೆಯಿಂದ ಡಾಕ್ಟರಿಗೆ ಒಂದು ಉಪಕಾರವೂ ಇದೆ. ಅದರ ವೇಗದಿಂದ ಶ್ವಾಸಕೋಶದ ರಕ್ತನಾಳದ ಒತ್ತಡವನ್ನು ಅಂದಾಜು ಮಾಡುತ್ತಾರೆ. ವೇಗ ೨.೮ ಮೀಟರಿನ ಒಳಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ; ೩.೪ನ್ನು ಮೀರಿದರೆ ಆ ಒತ್ತಡ ಏರಿರುವ ಸಂಭವ ಬಹಳ, ಕಾರಣ ಹುಡುಕಬೇಕು. ಸೋರಿಕೆಯ ಪ್ರಮಾಣ ಬೇರೆ, ಸೋರಿಕೆಯ ವೇಗ ಬೇರೆ. ಸೋರಿಕೆ ಅಲ್ಪವಾಗಿದ್ದೂ ವೇಗ ಹೆಚ್ಚಿರಬಹುದು.

ಎರಡು ಅಲೆಗಳ ಕಥೆ

ಅಜ್ಜಿಯ ನಿದ್ದೆ ಕೆಡಿಸಿದ "ಗ್ರೇಡ್ ಒನ್" ಏನೆಂದು ನೋಡೋಣ. ಹೃದಯದ ಎಡಗಡೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಎರಡು ಕಂತಿನಲ್ಲಿ ಇಳಿಯುತ್ತದೆ. ಕೆಳಕೋಣೆ ಸಡಿಲಗೊಂಡಾಗ ತಾನಾಗಿ ನುಗ್ಗುವುದು ಮೊದಲ ಕಂತು. ಡಾಪ್ಲರಿನಲ್ಲಿ ಅದು "ಇ" ಅಲೆ. ಕೊನೆಯಲ್ಲಿ ಮೇಲುಕೋಣೆ ಕುಗ್ಗಿ ಉಳಿದದ್ದನ್ನು ತಳ್ಳುವುದು ಎರಡನೆಯದು. ಅದು "ಎ" ಅಲೆ. ಹರಯದಲ್ಲಿ ಮೊದಲನೆಯ ಅಲೆ ಎತ್ತರ. ವಯಸ್ಸಾದಂತೆ ಹೃದಯದ ಮಾಂಸ ಸಡಿಲಗೊಳ್ಳುವುದು ನಿಧಾನವಾಗುತ್ತದೆ. ಮೊದಲ ಕಂತು ಕುಗ್ಗಿ ಎರಡನೆಯದರ ಮೇಲೆ ಭಾರ ಬೀಳುತ್ತದೆ. ಅರವತ್ತು ದಾಟಿದ ಅನೇಕರಲ್ಲಿ ಅಲೆಗಳು ಹೀಗೆ ಅದಲುಬದಲಾಗಿರುತ್ತವೆ. ತಲೆ ನರೆತಂತೆ ಇದೂ ಒಂದು. ಬಿ.ಪಿ. ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಟ್ಟು ದಿನಾ ನಡೆಯುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಆದರೆ ನಲವತ್ತರವರಿಗೆ ಇದೇ ಬಂದರೆ "ಯಾಕೆ?" ಎಂದು ಕೇಳಬೇಕು, ಬಹಳ ಸಲ ಬಿ.ಪಿ. ಗುಟ್ಟಾಗಿ ಏರಿರುತ್ತದೆ.

ಇಲ್ಲಿಯೇ ಒಂದು ವಿಚಿತ್ರವೂ ಇದೆ. ಕಾಯಿಲೆ ಬಲಿತು ಹೃದಯದೊಳಗಿನ ಒತ್ತಡ ಏರಿದಾಗ, ಆ ಒತ್ತಡವೇ ಮೊದಲ ಕಂತನ್ನು ಬಲವಾಗಿ ತಳ್ಳುತ್ತದೆ. ಅಲೆಗಳು ಮತ್ತೆ ಹರಯದವರಂತೆ ಕಾಣತೊಡಗುತ್ತವೆ. ಮುದುಕನಿಗೆ ಬಣ್ಣ ಹಚ್ಚಿ ರಂಗಕ್ಕೆ ತಂದಂತೆ! ವೇಷ ಕಳಚಲು ಡಾಕ್ಟರು ಹೃದಯದ ಗೋಡೆಯೇ ಎಷ್ಟು ಚುರುಕಾಗಿ ಚಲಿಸುತ್ತದೆ ಎಂದು ಅಳೆಯುತ್ತಾರೆ. ಗೋಡೆ ಮಂದವಾಗಿದ್ದೂ ರಕ್ತ ರಭಸವಾಗಿ ಇಳಿಯುತ್ತಿದ್ದರೆ ಒಳಗೆ ಒತ್ತಡ ಏರಿದೆ ಎಂದು ತಿಳಿಯುತ್ತದೆ.

ದಿಡ್ಡಿ ಬಾಗಿಲು

ಗುಡಿಯ ಮಹಾದ್ವಾರ ತೆರೆದರೆ ಜಾತ್ರೆಯ ಜನ ಬೇಗ ಹೊರಬೀಳುತ್ತಾರೆ. ದಿಡ್ಡಿ ಬಾಗಿಲು ಮಾತ್ರ ತೆರೆದರೆ ಒಳಗಿನ ನೂಕುನುಗ್ಗಲು ಬಹಳ ಹೊತ್ತು ಇಳಿಯುವುದಿಲ್ಲ. ಮೇಲುಕೋಣೆಗೂ ಕೆಳಕೋಣೆಗೂ ನಡುವಣ ಮೈಟ್ರಲ್ ಕವಾಟ ಕಿರಿದಾದಾಗ ಡಾಪ್ಲರಿನ ಗೆರೆ ಹೀಗೆಯೇ ನಿಧಾನವಾಗಿ ಇಳಿಜಾರಾಗುತ್ತದೆ. ಒತ್ತಡ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಬಾಗಿಲಿನ ಅಳತೆ ತೆಗೆಯುತ್ತಾರೆ. ಸಹಜವಾಗಿ ೪ರಿಂದ ೬ ಚದರ ಸೆಂಟಿಮೀಟರ್ ಇರುವ ಈ ಬಾಗಿಲು ೧.೫ಕ್ಕೆ ಇಳಿದರೆ ತೀವ್ರ.

ನಮ್ಮ ದೇಶದಲ್ಲಿ ಈ ಕಾಯಿಲೆಗೆ ಮುಖ್ಯ ಕಾರಣ ಎಳೆಯ ವಯಸ್ಸಿನ ಗಂಟಲುನೋವು. ೫ರಿಂದ ೧೫ ವರ್ಷದ ಮಕ್ಕಳಲ್ಲಿ ಒಂದು ಜಾತಿಯ ಸೋಂಕಿನಿಂದ ಗಂಟಲುನೋವು ಬಂದು, ಸರಿಯಾದ ಔಷಧವಿಲ್ಲದೆ ಬಿಟ್ಟರೆ, ಕೆಲವರಿಗೆ ಕೀಲುನೋವು ಜ್ವರ ಕಾಣಿಸಿ ಮುಂದೆ ಹೃದಯದ ಕವಾಟಕ್ಕೆ ಪೆಟ್ಟಾಗುತ್ತದೆ. ಅಂಥವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕಾಗುತ್ತದೆ. ಊರು ಬದಲಾಯಿತೆಂದು ಅದನ್ನು ನಿಲ್ಲಿಸಬಾರದು. ವರ್ಗವಾಗಿ ಊರೂರು ಅಲೆಯುವ ನಮ್ಮಂಥ ಸಂಸಾರಗಳಲ್ಲಿ ತಪ್ಪಿಹೋಗುವುದು ಇಂಥವೇ. ಹೆಣ್ಣುಮಕ್ಕಳಲ್ಲಿ ಈ ಕಿರಿದಾದ ಕವಾಟ ಎಷ್ಟೋ ವರ್ಷ ತಣ್ಣಗಿದ್ದು, ಮೈಯಲ್ಲಿ ರಕ್ತ ಹೆಚ್ಚುವ ಬಸುರಿನಲ್ಲಿ ಮೊದಲ ಸಲ ತಲೆಯೆತ್ತಬಹುದು. ಬಸುರಿ ಸೊಸೆ "ಮಲಗಿದರೆ ಉಸಿರು ಕಟ್ಟುತ್ತದೆ" ಎಂದರೆ, "ಎಲ್ಲರಿಗೂ ಹಾಗೆಯೇ" ಎನ್ನದೆ ಡಾಕ್ಟರಿಗೆ ತೋರಿಸಿ.

ಯಂತ್ರವೂ ಏಮಾರುತ್ತದೆ

ಯಂತ್ರ ರಕ್ತದ ಓಟಕ್ಕೆ ನೇರವಾಗಿ ಎದುರು ಹಿಡಿದಿದ್ದರೆ ವೇಗ ಸರಿ. ಓರೆಯಾದರೆ ಕಡಿಮೆ ತೋರುತ್ತದೆ. ೩೦ ಡಿಗ್ರಿ ಓರೆಯಾದರೆ ೪ ಮೀಟರು ಸುಮಾರು ೩.೫ ಎಂದು ಕಾಣುತ್ತದೆ. ೬೪ ಇರಬೇಕಾದ ಒತ್ತಡದ ಅಂತರ ೪೮ ಆಗುತ್ತದೆ. ಅದಕ್ಕೇ ಪರೀಕ್ಷೆ ಮಾಡುವವರು ಎಡ ಮಗ್ಗುಲಿಗೆ ಹೊರಳಿಸಿ, ಉಸಿರು ಹಿಡಿಸಿ, ಪಕ್ಕೆಲುಬಿನ ಸಂದಿ, ಗಂಟಲ ಕುಳಿ ಎಂದು ಹಲವೆಡೆ ಯಂತ್ರ ಇಟ್ಟು ನೋಡುವುದು. ಹೊತ್ತು ಹಿಡಿದರೆ ಬೇಸರಪಡಬೇಡಿ. ಆ ತಾಳ್ಮೆಯಲ್ಲೇ ಪರೀಕ್ಷೆಯ ಬೆಲೆ ಇದೆ.

ಸಿನಿಮಾದಲ್ಲಿ ಜಟಕಾಗಾಡಿಯ ಚಕ್ರ ಹಿಮ್ಮುಖವಾಗಿ ತಿರುಗುವಂತೆ ಕಾಣುವುದಿಲ್ಲವೆ? ಬಣ್ಣದ ಡಾಪ್ಲರಿನಲ್ಲೂ ಹಾಗೆ. ವೇಗ ಒಂದು ಮಿತಿ ಮೀರಿದರೆ ಕೆಂಪು ಇದ್ದದ್ದು ನೀಲಿಯಾಗಿ ತಿರುಗಿಬಿಡುತ್ತದೆ. ಬಲ್ಲವರು ಆಗ ಬೇರೆ ಬಗೆಯ ಡಾಪ್ಲರಿನಿಂದ ಅಳೆಯುತ್ತಾರೆ.

ಎಲ್ಲಕ್ಕಿಂತ ಅಪಾಯದ ಏಮಾರಿಕೆ ಮೂರನೆಯದು. ಮೇಕೆದಾಟು ಎಷ್ಟೇ ಕಿರಿದಾಗಿರಲಿ, ಬೇಸಗೆಯಲ್ಲಿ ನೀರೇ ಇಳಿದರೆ ಭೋರ್ಗರೆತ ಎಲ್ಲಿಂದ? ಹೃದಯವೇ ಸೋತು ರಕ್ತವನ್ನು ಬಲವಾಗಿ ತಳ್ಳಲಾಗದಿದ್ದರೆ, ಕವಾಟ ತೀವ್ರವಾಗಿ ಬಿಗಿದಿದ್ದರೂ ವೇಗ ೩ ಮೀಟರೇ ಬರಬಹುದು. ಸಂಖ್ಯೆ "ಮಧ್ಯಮ" ಎನ್ನುತ್ತದೆ, ರೋಗಿ ಏದುಸಿರು ಬಿಡುತ್ತಿರುತ್ತಾನೆ. ಇಂಥಲ್ಲಿ ಕವಾಟದ ಅಳತೆ ತೆಗೆದು, ಬೇಕಾದರೆ ಔಷಧದಿಂದ ಹೃದಯವನ್ನು ಸ್ವಲ್ಪ ಚುರುಕುಗೊಳಿಸಿ ಮತ್ತೆ ನೋಡುತ್ತಾರೆ, ಸಿ.ಟಿ. ಯಂತ್ರದಲ್ಲಿ ಕವಾಟದ ಸುಣ್ಣ ಅಳೆಯುವುದೂ ಉಂಟು. ಆದ್ದರಿಂದ ಕಾಗದದ ಸಂಖ್ಯೆಯನ್ನು ರೋಗಿಯ ಪಕ್ಕದಲ್ಲಿಟ್ಟು ಓದಬೇಕು. ಅವೆರಡೂ ಹೊಂದದಿದ್ದರೆ ಸಂಖ್ಯೆಯನ್ನು ನಂಬಿ ಸುಮ್ಮನಾಗಬಾರದು.

ಡಾಕ್ಟರ ಮುಂದೆ ಕೂತಾಗ

ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ಕಳೆದ ವರ್ಷ ೩ ಇದ್ದ ವೇಗ ಈ ವರ್ಷ ೩.೫ ಆಗಿದ್ದರೆ ಆ ಏರಿಕೆಯೇ ದೊಡ್ಡ ಸುದ್ದಿ. ಪರೀಕ್ಷೆಯ ದಿನದ ಬಿ.ಪಿ. ಬರೆಸಿಕೊಳ್ಳಿ. ಆಮೇಲೆ ಈ ನಾಲ್ಕು ಪ್ರಶ್ನೆ ಕೇಳಿ: ಯಾವ ಕವಾಟ, ಬಿಗಿದಿದೆಯೋ ಸೋರುತ್ತಿದೆಯೋ? ಅಲ್ಪವೋ, ಮಧ್ಯಮವೋ, ತೀವ್ರವೋ? ಇವರಿಗಿರುವ ತೊಂದರೆಗೆ ಇದೇ ಕಾರಣವೋ? ಮತ್ತೆ ಎಷ್ಟು ತಿಂಗಳಿಗೆ ನೋಡಬೇಕು?

ಮುಖ್ಯವಾದ ಮಾತು ಕೊನೆಯದು. ಡಾಕ್ಟರು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ; ಮಗ ಉತ್ತರ ಕೊಡುತ್ತಾನೆ; ಹಿರಿಯರು ನಡುವೆ ಗೊಂಬೆಯಂತೆ ಕೂತಿರುತ್ತಾರೆ. ಹಾಗಾಗಬಾರದು. ಹಿಂದಿನ ದಿನವೇ ಅವರನ್ನು ಕನ್ನಡದಲ್ಲಿ, ಅವರ ಊರಿನ ಮಾತಿನಲ್ಲಿ ಕೇಳಿ: "ಎಷ್ಟು ಮೆಟ್ಟಿಲಿಗೆ ದಮ್ಮು ಬರುತ್ತದೆ? ಹೋದ ವರ್ಷ ಎಷ್ಟಕ್ಕೆ ಬರುತ್ತಿತ್ತು? ರಾತ್ರಿ ಎಷ್ಟು ದಿಂಬು ಬೇಕು? ಎಂದಾದರೂ ಕಣ್ಣು ಕತ್ತಲೆ ಬಂದದ್ದುಂಟೆ?" ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತದ ಓಟವನ್ನು ಯಂತ್ರ ಅಳೆಯುತ್ತದೆ. ಮೆಟ್ಟಿಲಿನ ಲೆಕ್ಕವನ್ನು ಮನೆಯವರೇ ಕೊಡಬೇಕು.

ಮುಂದಿನ ಸಂಚಿಕೆಯಲ್ಲಿ: ಮನೆಯಲ್ಲೇ ಬಿ.ಪಿ. ಅಳೆಯುವ ಸರಿಯಾದ ಬಗೆ.